ಅಡಿಕೆ ಸುಲಿಯೋರ ಲೆಕ್ಕಕ್ಕೆ ಪೈಥಾನ್ ಬರೆಯೋಕೆ ಹೋಗಿ ನಾನು ತಿಂದ ಪೆಟ್ಟುಗಳು

ನಮ್ಮನೆ ಶಿರಸಿಯಿಂದ ಯಲ್ಲಾಪುರ ಕಡೆ ಹೋಗೋ ರಸ್ತೇಲಿ ಸ್ವಲ್ಪ ಒಳಗೆ. ಚಳಿಗಾಲ ಬಂತು ಅಂದ್ರೆ ಕೊನೆಕೊಯ್ಲು, ಅಂದ್ರೆ ಅಡಿಕೆ ಗೊನೆ ಕೊಯ್ಯೋದು, ಸಂಜೆ ಆದ್ರೆ ಅಂಗಳದಲ್ಲಿ ಅಡಿಕೆ ಸುಲಿಯೋ ಮೆಟ್ಟುಗತ್ತಿ ಸಾಲು. ಎಂಟು ಜನ ಸುಲಿಯೋರು, ಒಬ್ಬೊಬ್ರದ್ದು ಎಷ್ಟು ಕೇಜಿ ಆಯ್ತು ಹೇಳಿ ತೂಗಿ ಪುಸ್ತಕದಲ್ಲಿ ಬರೆಯೋದು ನನ್ನ ಕೆಲಸ. ವಾರಕ್ಕೊಂದ್ಸಲ ಎಲ್ಲಾ ಕೂಡಿಸಿ, ರೇಟು ಹಾಕಿ, ಅಡ್ವಾನ್ಸ್ ಕಳೆದು ದುಡ್ಡು ಕೊಡಬೇಕು. ಬಿಕಾಂ ಮಾಡಿದ್ದೆ ಸರಿ, ಆದ್ರೆ ರಾತ್ರಿ ಹತ್ತೂವರೆಗೆ ಒಂದು ಕಡೆ ಅಡಿಕೆ ಬೇಯಿಸೋ ಹಂಡೆಗೆ ಬೆಂಕಿ ನೋಡ್ತಾ ಇನ್ನೊಂದು ಕಡೆ ಕೂಡಿಸ್ತಾ ಕೂತ್ರೆ ಯಾವ ಬಿಕಾಮೂ ಕೆಲಸಕ್ಕೆ ಬರಲ್ಲ. ಮಾರಿಕಾಂಬಾ ಜಾತ್ರೆ ಇರೋ ವರ್ಷ ಅಂತೂ ಕೇಳ್ಬೇಡಿ, ಎಲ್ಲರಿಗೂ ಮುಂಚೇನೇ ದುಡ್ಡು ಬೇಕು, ಅಡ್ವಾನ್ಸ್ ಮೇಲೆ ಅಡ್ವಾನ್ಸ್.

ಮಗಳು ಹುಬ್ಬಳ್ಳೀಲಿ ಓದ್ತಾಳೆ. ರಜೆಗೆ ಬಂದಾಗ ಅವಳ ಹಳೇ ಲ್ಯಾಪ್‌ಟಾಪಿಗೆ ಥಾನಿ ಅನ್ನೋ ಎಡಿಟರ್, ಅಂದ್ರೆ ಪ್ರೋಗ್ರಾಮ್ ಬರೆದು ಓಡಿಸೋ ಜಾಗ, ಹಾಕಿ ಕೊಟ್ಲು. ಎಸ್ಟೋನಿಯಾ ದೇಶದ ಟಾರ್ಟು ಯೂನಿವರ್ಸಿಟೀಲಿ ಕಲಿಯೋರಿಗೆ ಹೇಳೇ ಮಾಡಿದ್ದಂತೆ, ಪುಕ್ಕಟೆ, ಪೈಥಾನ್ ಅನ್ನೋ ಪ್ರೋಗ್ರಾಮ್ ಬರೆಯೋ ಭಾಷೆ ಅದರ ಒಳಗೇ ಬರ್ತದೆ, ಒಮ್ಮೆ ಹಾಕಿದ್ಮೇಲೆ ನೆಟ್ ಬೇಡ. ನಮ್ಮನೇಲಿ ನೆಟ್ ಬೇಕು ಅಂದ್ರೆ ಸೊಪ್ಪಿನ ಬೆಟ್ಟ ಹತ್ತಬೇಕು, ಹಾಗಾಗಿ ಅದೊಂದು ದೊಡ್ಡ ಉಪಕಾರ. "ಇದಕ್ಕೆ ಎಕ್ಸೆಲ್ ಸಾಕಿತ್ತು" ಅನ್ನೋರಿಗೆ ಈಗ್ಲೇ ಹೇಳ್ತೆ, ಹೌದು ಸಾಕಿತ್ತು. ನಂಗೆ ಇದೇ ಕಲೀಬೇಕು ಅನ್ನಿಸ್ತು, ಅಷ್ಟೇ.

ಮೊದಲ ದಿನ ಕೇಜಿ ಎಷ್ಟು ಹೇಳಿ ಕೇಳಿ 12 ರೂಪಾಯಿಂದ ಗುಣಿಸೋ ಎರಡು ಸಾಲು ಬರೆದೆ (ರೇಟು ಬರೀ ಉದಾಹರಣೆಗೆ, ನಿಜವಾದ್ದು ಹೇಳಿದ್ರೆ ಆಚೆಮನೆಯವ್ರು ಜಗಳಕ್ಕೆ ಬರ್ತಾರೆ). 28 ಹೇಳಿ ಒತ್ತಿದೆ. ಬಂದಿದ್ದು 336 ಅಲ್ಲ, 28282828 ಹೇಳಿ ಇಪ್ಪತ್ನಾಲ್ಕು ಅಂಕಿ. ಇನ್‌ಪುಟ್ ಏನೇ ತಗೊಂಡ್ರೂ ಪೈಥಾನ್ ಅದನ್ನ ಅಕ್ಷರ ಅಂತಲೇ ಇಟ್ಕೊಳ್ತದೆ, ಅಕ್ಷರನ 12ರಿಂದ ಗುಣಿಸಿದ್ರೆ ಹನ್ನೆರಡು ಸಲ ಸಾಲಾಗಿ ಬರೀತದೆ. ಇಂಟ್ (ಪೂರ್ಣ ಸಂಖ್ಯೆ) ಅಂತ ಸುತ್ತಿದ್ರೆ ಸಂಖ್ಯೆ ಆಗ್ತದೆ. ಆದ್ರೆ 28.5 ಕೊಟ್ರೆ ಇಂಟ್ ಒಪ್ಪಲ್ಲ, ಫ್ಲೋಟ್ (ದಶಮಾಂಶದ ಸಂಖ್ಯೆ) ಬೇಕು, ಫ್ಲೋಟ್ ಹಾಕಿದ್ರೆ 0.1ಕ್ಕೆ 0.2 ಕೂಡಿಸಿದಾಗ 0.30000000000000004 ಬರ್ತದೆ. ನಾನು ಕೊನೆಗೆ ಎಲ್ಲಾ ಗ್ರಾಂ ಲೆಕ್ಕಕ್ಕೇ ಹಾಕ್ಬಿಟ್ಟೆ, ದಶಮಾಂಶದ ತಲೆಬಿಸಿನೇ ಬೇಡ.

ಇದೆಲ್ಲ ಸಣ್ಣದು. ನಿಜವಾದ ಪೆಟ್ಟು ಬಿದ್ದಿದ್ದು ಲೂಪಲ್ಲಿ, ಅಂದ್ರೆ ಒಂದೇ ಕೆಲಸನ ಮತ್ತೆ ಮತ್ತೆ ಮಾಡ್ಸೋದ್ರಲ್ಲಿ.

ಎಂಟು ಹೆಸರಿನ ಲಿಸ್ಟ್ ಮಾಡಿ, ಒಂದರಿಂದ ಎಂಟರ ತನಕ ಅಲ್ವಾ ಹೇಳಿ ಫಾರ್ ಲೂಪಿಗೆ ರೇಂಜ್ 1, 9 ಕೊಟ್ಟೆ. ಕೊನೇ ಸಂಖ್ಯೆ ಲೆಕ್ಕಕ್ಕಿಲ್ಲ ಅನ್ನೋದು ಮಗಳು ಹೇಳಿದ್ಲು, ಹಾಗಾಗಿ 9. ಕೆಂಪಕ್ಷರದಲ್ಲಿ ಬೈತು, ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್, ಅಂದ್ರೆ ಆ ನಂಬರಿಂದು ಲಿಸ್ಟಲ್ಲಿ ಇಲ್ಲ. ನಾನು ಎಂತ ಮಾಡಿದೆ ಗೊತ್ತಾ, 9 ತೆಗೆದು 8 ಮಾಡಿದೆ. ಬೈಗುಳ ನಿಂತು ಹೋಯ್ತು. ಭಾರೀ ಖುಷಿ, ಎರರ್ ಸರಿ ಮಾಡಿದೆ ಹೇಳಿ ಮಗಳಿಗೆ ಫೋನೂ ಮಾಡಿದೆ. ಶನಿವಾರ ದುಡ್ಡು ಕೊಡ್ತಾ ಇದ್ದೆ, ಎಲ್ಲರಿಗಿಂತ ಹಿರೀ ಹೆಂಗಸು, ಪುಸ್ತಕದಲ್ಲಿ ಯಾವಾಗ್ಲೂ ಮೊದಲ ಹೆಸರು ಅವಳದ್ದೇ, ಎಲ್ಲರೂ ತಗೊಂಡು ಹೋಗೋ ತನಕ ಸುಮ್ನೆ ಕೂತಿದ್ಲು. ಆಮೇಲೆ ಮೆಲ್ಲಗೆ, "ಅಕ್ಕಾ, ನಂದು ಈ ವಾರ ಇಲ್ವಾ?" ಅಂದ್ಲು. ನಾಚಿಕೆಯಿಂದ ನಂಗೆ ನೆಲ ಬಿರಿದ್ರೆ ಸಾಕು ಅನ್ನೋ ಹಾಗಾಯ್ತು. ಪೈಥಾನಲ್ಲಿ ಎಣಿಕೆ ಸೊನ್ನೆಯಿಂದ ಶುರು, ಮೊದಲ ಹೆಸರಿನ ನಂಬರು ಸೊನ್ನೆ, ಎಂಟನೇದರದ್ದು ಏಳು. ನಾನು ಒಂದರಿಂದ ಹೊರಟಿದ್ದೆ. ಪೈಥಾನ್ ಬೈದಿದ್ದು ಸರಿಯಾಗೇ ಇತ್ತು, ಆ ಬೈಗುಳ ನಿಲ್ಲಿಸೋ ಭರದಲ್ಲಿ ನಾನು ತಪ್ಪನ್ನ ಒಳಗೇ ಮುಚ್ಚಿಟ್ಟಿದ್ದೆ.

ಅವತ್ತಿಂದ ನಂಗೆ ಕೆಂಪಕ್ಷರದ ಹೆದರಿಕೆ ಹೋಯ್ತು, ಏನೂ ಹೇಳದೆ ಸುಮ್ನೆ ಉತ್ತರ ಕೊಡೋ ಪ್ರೋಗ್ರಾಮ್ ಕಂಡ್ರೇನೇ ಹೆದರಿಕೆ. ಎರರ್ ಬಂದ್ರೆ ಕೆಳಗಿಂದ ಮೇಲೆ ಓದ್ತೆ, ಕೊನೇ ಸಾಲಲ್ಲಿ ಏನಾಯ್ತು ಅಂತಲೂ ಅದರ ಮೇಲೆ ಎಷ್ಟನೇ ಸಾಲು ಅಂತಲೂ ಇರ್ತದೆ. ಲೂಪಿಗೆ ಈಗ ನಂಬರೇ ಕೊಡಲ್ಲ, ಲಿಸ್ಟನ್ನೇ ನೇರ ಕೊಡ್ತೆ, ಪ್ರತಿ ಹೆಸರೂ ತಾನಾಗೇ ಬರ್ತದೆ.

ಇಫ್ (ಹೀಗಿದ್ರೆ ಹೀಗೆ ಮಾಡು ಅನ್ನೋದು) ಕಥೆನೂ ಹೀಗೇ, ಸದ್ದಿಲ್ಲದ್ದು. ನಮ್ಮನೇಲಿ ದಿನಕ್ಕೆ 20 ಕೇಜಿ ಮುಟ್ಟಿದ್ರೆ ಕೇಜಿಗೆ 13, 30 ಮುಟ್ಟಿದ್ರೆ 14 ಹೇಳಿ ಇಟ್ಕೊಳ್ಳಿ. ನಾನು ಮೊದಲು 20ರ ಇಫ್ ಬರೆದು, ಅದರ ಕೆಳಗೆ ಎಲಿಫಲ್ಲಿ (ಅದಲ್ಲದಿದ್ರೆ ಇದು ನೋಡು ಅನ್ನೋದು) 30 ಬರೆದೆ. 34 ಕೇಜಿ ಸುಲಿದವನಿಗೆ 442 ತೋರಿಸ್ತು, ಬರಬೇಕಾದ್ದು 476. ಮೇಲಿಂದ ನೋಡ್ತಾ ಬಂದು ಮೊದಲು ನಿಜ ಆಗಿದ್ದಕ್ಕೆ ಒಳಗೆ ಹೋಗ್ತದೆ, ಆಮೇಲಿನ ಎಲಿಫ್ ಕಡೆ ತಿರುಗಿಯೂ ನೋಡಲ್ಲ. 34 ಅನ್ನೋದು 20ಕ್ಕಿಂತ ದೊಡ್ಡದೂ ಹೌದಲ್ಲ! ದೊಡ್ಡ ಶರತ್ತು ಮೇಲೆ ಇರಬೇಕು. ಹಿಡಿದಿದ್ದು ಹೇಗೆ ಅಂದ್ರೆ ಪ್ರತಿ ಇಫ್ ಒಳಗೂ "ಇಲ್ಲಿ ಬಂದೆ 1", "ಇಲ್ಲಿ ಬಂದೆ 2" ಹೇಳಿ ಸ್ಕ್ರೀನಲ್ಲಿ ತೋರಿಸೋಕೆ ಪ್ರಿಂಟ್ ಹಾಕಿದೆ, ಎರಡನೇದು ಒಮ್ಮೆನೂ ಬರ್ಲೇ ಇಲ್ಲ.

ಸರಿ ಮಾಡಿ ಅತ್ತೆಗೆ ತೋರಿಸಿದೆ. ಅವ್ರು ಕಂಪ್ಯೂಟರ್ ಮುಟ್ಟಿದವ್ರಲ್ಲ, ಆದ್ರೆ ನಲವತ್ತು ವರ್ಷ ಈ ಪುಸ್ತಕ ಬರೆದವ್ರು. ಕೇಳಿದ್ದು ಒಂದೇ ಮಾತು, "ಸರಿಯಾಗಿ ಮೂವತ್ತೇ ಆದ್ರೆ ಎಷ್ಟು ಕೊಡ್ತೆ ಕೂಸೆ?" ನಾನು ಹಾಕಿದ್ದು ಬರೀ ದೊಡ್ಡದು ಅನ್ನೋ ಚಿಹ್ನೆ, ಅಥವಾ ಸಮ ಅನ್ನೋದು ಇರ್ಲೇ ಇಲ್ಲ, ಮೂವತ್ತಕ್ಕೆ 13 ಬರ್ತಿತ್ತು. ಈಗ ಯಾವ ಇಫ್ ಬರೆದ್ರೂ 19, 20, 21, 29, 30, 31 ಎಲ್ಲಾ ಹಾಕಿ ನೋಡ್ತೆ, ಮತ್ತೆ ಸೊನ್ನೆ, ಯಾಕಂದ್ರೆ ಸುಲಿಯೋಕೆ ಬರದ ದಿನವೂ ಇರ್ತದೆ.

ಆ ಸೊನ್ನೆಯಿಂದಲೇ ಇನ್ನೊಂದು ಫಜೀತಿ. ವೈಲ್ ಲೂಪಲ್ಲಿ (ಶರತ್ತು ನಿಜ ಇರೋ ತನಕ ಸುತ್ತೋದು) ಒಂದೊಂದೇ ದಿನ ನೋಡ್ತಾ, ಸೊನ್ನೆ ಇದ್ರೆ ಕಂಟಿನ್ಯೂ (ಕೆಳಗಿನ ಸಾಲು ಬಿಟ್ಟು ಮುಂದಿನ ಸುತ್ತಿಗೆ ಹೋಗು) ಹೇಳಿ ಬರೆದಿದ್ದೆ, ದಿನಕ್ಕೆ 1 ಕೂಡಿಸೋ ಸಾಲು ಅದರ ಕೆಳಗಿತ್ತು. ರಜೆ ದಿನ ಸಿಕ್ಕ ಕೂಡ್ಲೇ ಅಲ್ಲೇ ಗಾಣದೆತ್ತಿನ ಹಾಗೆ ಸುತ್ತೋಕೆ ಶುರು. ಕಂಟ್ರೋಲ್ ಸಿ ಒತ್ತಿದ್ರೆ ನಿಲ್ತದೆ ಅನ್ನೋದು ಗೊತ್ತಿಲ್ದೆ ಲ್ಯಾಪ್‌ಟಾಪೇ ಆಫ್ ಮಾಡಿದ್ದೆ.

ಮತ್ತೆ ಒಟ್ಟು ಅನ್ನೋದನ್ನ ಸೊನ್ನೆ ಮಾಡೋ ಸಾಲನ್ನ ಲೂಪಿನ ಒಳಗೇ ಬರೆಯೋದು, ಇದನ್ನ ಮಾಡದೇ ಇದ್ದೋರು ಯಾರಿಲ್ಲ ಅನ್ಕೊಳ್ತೆ. 22, 18, 25 ಕೂಡಿಸಿದ್ರೆ 65 ಬರಬೇಕು, ನಂಗೆ 25 ಬಂತು. ಇದಕ್ಕೆ ಪ್ರಿಂಟ್ ಬೇಡ, ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ದಿನ, ಕೇಜಿ, ಒಟ್ಟು ಹೇಳಿ ಮೂರು ಗೀಟು ಎಳೆದು ನಾನೇ ಪೈಥಾನ್ ಆಗಿ ಒಂದೊಂದೇ ಸಾಲು ಓದ್ತಾ ಬರೆದೆ. ಎರಡನೇ ದಿನಕ್ಕೇ ಒಟ್ಟು ಮತ್ತೆ ಸೊನ್ನೆ ಆಗಿದ್ದು ಕಂಡ್ತು. ಥಾನೀಲಿ ಒಂದೊಂದೇ ಹೆಜ್ಜೆ ಓಡಿಸಿ ಇದನ್ನೇ ನೋಡ್ಬಹುದು, ಪಕ್ಕದಲ್ಲಿ ದಿನ, ಒಟ್ಟು ಥರದ ವೇರಿಯಬಲ್ ಬದಲಾಗೋದು ಕಾಣ್ತದೆ, ಆದ್ರೂ ನಂಗೆ ಪೆನ್ನಲ್ಲಿ ಬರೆದ್ರೇ ತಲೆಗೆ ಹೋಗೋದು.

ಇನ್ನು ನಮ್ಮ ಕನ್ನಡದ್ದೇ ಒಂದು ತಪ್ಪು, ಇದಕ್ಕೆ ಮೂರು ರಾತ್ರಿ ಹೋಯ್ತು. ಸಾಲಲ್ಲಿ "ಅಡ್ವಾನ್ಸ್" ಹೇಳಿ ಇದ್ರೆ ಆ ದುಡ್ಡು ಕಳೀಬೇಕು ಅನ್ನೋ ಇಫ್ ಬರೆದಿದ್ದೆ. ಕೆಲವ್ರದ್ದು ಕಳೀತಿತ್ತು, ಕೆಲವ್ರದ್ದು ಇಲ್ಲ. ಸ್ಕ್ರೀನಲ್ಲಿ ಎರಡೂ ಅಡ್ವಾನ್ಸ್ ಒಂದೇ ಥರ, ಒಂದು ಗೀಟೂ ವ್ಯತ್ಯಾಸ ಇಲ್ಲ. ಅರ್ಧ ಲಿಸ್ಟ್ ತೆಗೆದು ನೋಡಿದೆ, ಮತ್ತೆ ಅದರ ಅರ್ಧ, ಹೀಗೆ ಒಂದೇ ಸಾಲಿಗೆ ಬಂದು ನಿಂತೆ. ಅದು ತೋಟದಲ್ಲಿ ಇದ್ದಾಗ ಫೋನಲ್ಲಿ ಟೈಪ್ ಮಾಡಿದ್ದು. ಲೆನ್ ಹಾಕಿ ಉದ್ದ ನೋಡಿದ್ರೆ ಲ್ಯಾಪ್‌ಟಾಪಲ್ಲಿ ಬರೆದ ಅಡ್ವಾನ್ಸ್ 9 (ದೀರ್ಘದ, ಅರ್ಧಾಕ್ಷರದ ಚಿಹ್ನೆನೂ ಬೇರೆ ಬೇರೆ ಎಣಿಸ್ತದೆ), ಫೋನಿಂದು 10! ಅಡಗಿದ್ದನ್ನೂ ತೋರಿಸೋ ರೆಪ್ರ್ ಹಾಕಿದಾಗ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸಿಕ್ತು. ಒತ್ತಕ್ಷರ ಕೂಡಿಕೊಳ್ಳಬಾರದು ಹೇಳಿ ಮಧ್ಯ ಇಡೋ ಜೀರೋ ವಿಡ್ತ್ ನಾನ್ ಜಾಯ್ನರ್ ಅದು. ನನ್ನ ಫೋನಿನ ಕೀಬೋರ್ಡು ಅರ್ಧಾಕ್ಷರದ ಕೊನೆಗೂ ಅದನ್ನ ಸೇರಿಸಿತ್ತು. ಹೋಲಿಸೋ ಮೊದಲು ಅದನ್ನ ರಿಪ್ಲೇಸ್ ಮಾಡಿ ತೆಗೆದು, ಸ್ಟ್ರಿಪ್ ಹಾಕಿ ಆಚೀಚೆ ಖಾಲಿ ಜಾಗನೂ ತೆಗೆದೆ, ಸರಿಯಾಯ್ತು. ಕನ್ನಡದಲ್ಲಿ ಡೇಟಾ ಇಟ್ಕೊಂಡು ಕಲಿಯೋರು ಇದೊಂದನ್ನ ನೆನಪಿಟ್ಕೊಳ್ಳಿ, ಇಂಗ್ಲಿಷಲ್ಲಿ ಪೈಥಾನ್ ಪಾಠ ಮಾಡೋ ಯಾರೂ ಇದನ್ನ ಹೇಳಲ್ಲ.

ಒಂದು ಒಳ್ಳೇದೂ ಇದೆ. ಅತ್ತೆ ಅಂಕಿನೂ ಕನ್ನಡದಲ್ಲೇ ಬರೆಯೋದು, ೨೮ ಹೇಳಿ. ಅದನ್ನ ಹಾಗೇ ಇನ್‌ಪುಟ್ಟಿಗೆ ಕೊಟ್ರೆ ಇಂಟ್ ಅದನ್ನ 28 ಹೇಳೇ ತಗೊಳ್ತದೆ. ಕೋಡ್ ಒಳಗೆ ನೇರ ಬರೆದ್ರೆ ಮಾತ್ರ ಒಪ್ಪಲ್ಲ.

ಈ ಸಲದ ಕೊಯ್ಲಿಗೆ ಮೊದಲ ಎರಡು ವಾರ ಪುಸ್ತಕ, ಪ್ರೋಗ್ರಾಮ್ ಎರಡೂ ಇಟ್ಕೊಂಡೆ, ಅತ್ತೆ ಪುಸ್ತಕದಲ್ಲಿ ಕೂಡಿಸೋದು, ನಾನು ಲ್ಯಾಪ್‌ಟಾಪಲ್ಲಿ. ಎರಡನೇ ಶನಿವಾರ 40 ರೂಪಾಯಿ ವ್ಯತ್ಯಾಸ ಬಂತು. ನಾನು ಸೀದಾ ಕೋಡ್ ತೆರೆದು ಕೂತೆ, ಅತ್ತೆ ಕನ್ನಡಕ ಹಾಕ್ಕೊಂಡು ಪುಸ್ತಕ ತಿರುವಿದ್ರು. ಐದು ನಿಮಿಷಕ್ಕೆ ಅವ್ರೇ, "ನೀ ಅದನ್ನ ಮುಚ್ಚು, ತಪ್ಪಿದ್ದು ನಾನು" ಅಂದ್ರು.