ಸ್ವಂತ ಕೊಳದಲ್ಲಿ ಎರೆಮೀನು ಹಿಡಿದು ಬಳಸುವ ಕ್ರಮ

ದೊಡ್ಡ ಮೀನು ಹಿಡಿಯಲು ಗಾಳಕ್ಕೆ ಎರೆಯಾಗಿ ಬೇಕಾದ ಸಣ್ಣ ಮೀನುಗಳನ್ನು, ಗಾಳ ಹಾಕುವ ಅದೇ ಕೊಳದಿಂದ ಹಿಡಿಯುವುದೇ ಸರಿಯಾದ ಮಾರ್ಗ. ಬೇರೆ ನೀರಿನಿಂದ ತಂದ ಮೀನುಗಳೊಡನೆ ರೋಗ, ಪರೋಪಜೀವಿ ಹಾಗೂ ಬೇಡದ ತಳಿಗಳೂ ಬಂದು ಸೇರಬಹುದು, ಒಮ್ಮೆ ನೆಲೆಯೂರಿದ ಅವುಗಳನ್ನು ತೆಗೆಯುವುದು ಬಹಳ ಕಷ್ಟ.

ಎರಡೂ ತುದಿಗಳಲ್ಲಿ ಒಳಮುಖವಾದ ಆಲಿಕೆಯಾಕಾರದ ಬಾಯಿಗಳಿರುವ ತಂತಿಬಲೆಯ ಬೋನು ಈ ಕೆಲಸಕ್ಕೆ ಸಾಕು. ಬಾಯಿಯ ಕಿಂಡಿ ಸುಮಾರು 2.5 ಸೆಂಟಿಮೀಟರ್ ಅಗಲವಿದ್ದರೆ ಸಣ್ಣ ಮೀನುಗಳು ಸುಲಭವಾಗಿ ಒಳನುಗ್ಗುತ್ತವೆ, ಆದರೆ ಹೊರದಾರಿ ಅವುಗಳಿಗೆ ಸುಲಭವಾಗಿ ಕಾಣುವುದಿಲ್ಲ. ಒಳಗೆ ಒಣ ಬ್ರೆಡ್ಡಿನ ತುಂಡುಗಳನ್ನಿಟ್ಟು, ಜಲಸಸ್ಯಗಳ ಅಂಚಿನಲ್ಲಿ, ಆಳವಿಲ್ಲದ ನೀರಿನಲ್ಲಿ ಬೋನನ್ನು ಪೂರ್ತಿ ಮುಳುಗಿಸಿ, ಹಗ್ಗವನ್ನು ದಡಕ್ಕೆ ಕಟ್ಟಬೇಕು. ರಾತ್ರಿಯಿಡೀ ಬಿಡುವುದನ್ನು ನಾನು ಒಪ್ಪುವುದಿಲ್ಲ. ಕತ್ತಲಲ್ಲಿ ಸಸ್ಯಗಳೂ ಆಮ್ಲಜನಕವನ್ನು ಬಳಸುವುದರಿಂದ ನಸುಕಿನ ವೇಳೆಗೆ ಅದರ ಪ್ರಮಾಣ ಕುಸಿದು, ಕಿಕ್ಕಿರಿದ ಮೀನುಗಳು ಉಸಿರುಗಟ್ಟಿ ಸಾಯಬಹುದು. ಆದ್ದರಿಂದ ಒಂದೆರಡು ಗಂಟೆಗೊಮ್ಮೆ ಬೋನನ್ನು ಎತ್ತಿ ನೋಡಿ, ಆ ದಿನಕ್ಕೆ ಬೇಕಾದಷ್ಟನ್ನೇ ಇಟ್ಟುಕೊಂಡು ಉಳಿದವನ್ನು ಅಲ್ಲಿಯೇ ಬಿಡಿ.

ಹಿಡಿದ ಮೀನುಗಳನ್ನು ಕೊಳದ ನೀರನ್ನೇ ತುಂಬಿದ ಬಕೆಟ್ಟಿನಲ್ಲಿ, ನೆರಳಿನಲ್ಲಿ, ಗಾಳಿಪಂಪಿನೊಡನೆ ಇರಿಸಬೇಕು. ಕ್ಲೋರಿನ್ ಬೆರೆತ ನಲ್ಲಿನೀರು ಅವುಗಳ ಕಿವಿರುಗಳಿಗೆ ಮಾರಕ.

ಗಾಳವನ್ನು ನಿಧಾನವಾಗಿ ಎಳೆಯುವುದಾದರೆ ಕೊಕ್ಕೆಯನ್ನು ಎರಡೂ ತುಟಿಗಳ ಮೂಲಕ ಚುಚ್ಚಬೇಕು. ತೇಲುಬೆಂಡಿನಡಿ ನಿಲ್ಲಿಸುವುದಾದರೆ, ಬೆನ್ನುಮೂಳೆಗೆ ತಾಗದಂತೆ ಬೆನ್ನಿನ ರೆಕ್ಕೆಯ ಬುಡದಲ್ಲಿ ಚುಚ್ಚಿದಾಗ ಮೀನು ಹೆಚ್ಚು ಹೊತ್ತು ಚುರುಕಾಗಿ ಈಜುತ್ತದೆ.