ಮೆಟ್ಟುಕತ್ತಿ ಬಿಟ್ಟು ಶೆಫ್ ನೈಫ್ ಹಿಡಿದದ್ದು

ಕಾಸರಗೋಡಿನ ಕಡೆಯ ನಾವು ಹೋಟೆಲ್ ಅಡುಗೆ ಕಲಿಸುವ ಫುಡ್ ಪ್ರೊಡಕ್ಷನ್ ಕೋರ್ಸಿಗೆ ಸೇರಿದರೆ ಮೊದಲು ತಪ್ಪುವುದು ಒಲೆಯ ಹತ್ತಿರ ಅಲ್ಲ, ತರಕಾರಿ ಹೆಚ್ಚುವಲ್ಲಿ. ಮೆಟ್ಟುಕತ್ತಿಯಲ್ಲಿ, ಅಂದರೆ ಈಳಿಗೆಮಣೆಯಲ್ಲಿ, ಅಲಗು ನಿಂತಿರುತ್ತದೆ, ತರಕಾರಿ ಸರಿಯುತ್ತದೆ. ಶೆಫ್ ನೈಫಿನಲ್ಲಿ ತರಕಾರಿ ಹಲಗೆಯ ಮೇಲೆ ಕೂತಿರಬೇಕು, ಅಲಗು ಓಡಾಡಬೇಕು. ಹಳೆಯ ಅಭ್ಯಾಸದ ಕೈ ತರಕಾರಿಯನ್ನೇ ಅಲಗಿನತ್ತ ತಳ್ಳುತ್ತದೆ. ಬೆರಳು ಕೊಯ್ಯುವುದು ಅಲ್ಲೇ.

ನಾನು ಬಳಸಿದ್ದು 8 ಇಂಚಿನ ಕತ್ತಿ. ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿಯಬಾರದು. ಹೆಬ್ಬೆರಳು, ತೋರುಬೆರಳುಗಳಿಂದ ಅಲಗಿನ ಬುಡವನ್ನೇ ಚಿವುಟಿ ಹಿಡಿದರೆ ಕತ್ತಿ ವಾಲುವುದಿಲ್ಲ. ಎಡಗೈಯ ಬೆರಳ ತುದಿಗಳು ಒಳಕ್ಕೆ ಮಡಚಿರಲಿ, ಅಲಗು ಗೆಣ್ಣಿಗೆ ತಾಗಿಕೊಂಡು ಇಳಿಯಲಿ. ಹಲಗೆಯ ಅಡಿಗೆ ಒದ್ದೆ ಬಟ್ಟೆ ಹಾಸದೆ ಕೆಲಸ ಶುರು ಮಾಡಬೇಡಿ, ಜಾರುತ್ತದೆ.

ಜೂಲಿಯೆನ್ ಎಂದರೆ ಬೆಂಕಿಕಡ್ಡಿಯಂಥ ಸೀಳು. ಕ್ಯಾರೆಟನ್ನು 5 ಸೆಂ.ಮೀ. ತುಂಡು ಮಾಡಿ, ಒಂದು ಬದಿ ಸವರಿ ಚಪ್ಪಟೆ ಮಾಡಿ ಕೂರಿಸಿ, 3 ಮಿ.ಮೀ. ದಪ್ಪದ ಹಾಳೆ ತೆಗೆದು, ಎರಡು ಮೂರು ಹಾಳೆ ಪೇರಿಸಿ ಮತ್ತೆ 3 ಮಿ.ಮೀ.ಗೆ ಸೀಳಬೇಕು. ಅದನ್ನೇ ಅಡ್ಡಕ್ಕೆ ಅಷ್ಟೇ ಅಳತೆಗೆ ಕೊಯ್ದರೆ ಬ್ರೂನ್ವಾಸ್, ಅಂದರೆ ಪುಟ್ಟ ಚೌಕ ಚೂರು. ಅಳತೆ ತಪ್ಪಿದರೆ ಅಂದ ಮಾತ್ರ ಕೆಡುವುದಲ್ಲ: ತೆಳುವಾದದ್ದು ಬೆಂದು ಕರಗುವಾಗ ದಪ್ಪದ್ದು ಹಸಿಯಾಗಿಯೇ ಉಳಿದಿರುತ್ತದೆ. ಮನೆಯಲ್ಲಿ ಅಭ್ಯಾಸಕ್ಕೆ ಕ್ಯಾರೆಟ್ ದುಬಾರಿ. ತೋಟದ ಪಪ್ಪಾಯಿ ಕಾಯಿ ಸಾಕು, ಗಟ್ಟಿತನ ಹೆಚ್ಚುಕಡಿಮೆ ಅದೇ. ಸೌತೆಯಲ್ಲಿ ನೀರು ಜಾಸ್ತಿ, ಕೈ ಕಲಿಯುವುದಿಲ್ಲ. ಗುಜ್ಜೆಗಂತೂ (ಎಳೆ ಹಲಸಿನಕಾಯಿ) ಈ ಕತ್ತಿ ತೆಗೆಯಲೇಬೇಡಿ. ಮೇಣ ಬಿಡಿಸುವುದರಲ್ಲೇ ದಿನ ಮುಗಿಯುತ್ತದೆ, ಅದಕ್ಕೆ ಮೆಟ್ಟುಕತ್ತಿಯೇ ಸರಿ.

ಉದ್ದನೆಯ ಸ್ಟೀಲ್ ಕೋಲಿಗೆ ಉಜ್ಜಿದರೆ ಕತ್ತಿ ಹರಿತವಾಗುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಬಾಗಿದ ಅಂಚನ್ನು ನೆಟ್ಟಗೆ ಮಾಡುತ್ತದೆ, ಅಷ್ಟೆ. ಹರಿತಕ್ಕೆ ಸಾಣೆಕಲ್ಲೇ ಬೇಕು, 15ರಿಂದ 20 ಡಿಗ್ರಿ ಓರೆಯಲ್ಲಿ.

ಹೆಚ್ಚಿ ಉಳಿದ ಚೂರುಗಳು ಸ್ಟಾಕಿಗೆ, ಅಂದರೆ ಸೂಪು, ಸಾಸುಗಳಿಗೆ ಬುಡವಾಗುವ ಎಲುಬಿನ ಸಾರಿಗೆ. 1 ಕಿಲೋ ಕೋಳಿ ಎಲುಬಿಗೆ ಸುಮಾರು 2 ಲೀಟರ್ ತಣ್ಣೀರು, 200 ಗ್ರಾಂನಷ್ಟು ತರಕಾರಿ: ಈರುಳ್ಳಿ 2 ಪಾಲು, ಕ್ಯಾರೆಟ್, ಸೆಲರಿ ಒಂದೊಂದು ಪಾಲು. ಬಿಸಿನೀರು ಹಾಕಿದರೆ ನೊರೆ ಮೇಲೆ ಬಂದು ಕೂಡದೆ ನೀರಲ್ಲೇ ಕದಡುತ್ತದೆ. ಕೊತಕೊತ ಕುದಿಸಿದರೂ ಕೊಬ್ಬು ಒಡೆದು ಬೆರೆತು ಬಿಳಚಿಕೊಳ್ಳುತ್ತದೆ. ಸಣ್ಣ ಉರಿ, 3 ತಾಸು. ಉಪ್ಪು ಹಾಕಬಾರದು, ಮುಂದೆ ಬತ್ತಿಸುವಾಗ ಏರುತ್ತದೆ. ಮೀನಿನದ್ದಾದರೆ 20 ನಿಮಿಷದಿಂದ ಅರ್ಧ ಗಂಟೆ, ಮೀರಿದರೆ ಕಹಿ. ಪೇಟೆಯಲ್ಲಿ ಸುಲಭಕ್ಕೆ ಸಿಗುವ ಬೂತಾಯಿ, ಬಂಗುಡೆ ಇದಕ್ಕೆ ಆಗುವುದಿಲ್ಲ, ಎಣ್ಣೆ ಜಾಸ್ತಿ. ಕಾಣೆಯಂಥ ಬಿಳಿ ಮಾಂಸದ ಮೀನಿನ ಎಲುಬು, ಕಿವಿರು ತೆಗೆದ ತಲೆ ಹಾಕಿ.

ಸೋಸಿದ ಸ್ಟಾಕನ್ನು ಮುಚ್ಚಿ ಬೆಂಚಿನ ಮೇಲೆ ಬಿಟ್ಟರೆ ನಮ್ಮೂರಿನ ಸೆಕೆಗೆ ತಣಿಯುವುದೇ ಇಲ್ಲ, ರಾತ್ರಿ ಕಳೆಯುವುದರೊಳಗೆ ಹುಳಿ. ಐಸ್ ನೀರಿನ ದೊಡ್ಡ ಪಾತ್ರೆಯಲ್ಲಿ ಇಳಿಸಿ, ಕದಡುತ್ತಾ ಇದ್ದು 2 ತಾಸಿನೊಳಗೆ 21 ಡಿಗ್ರಿಗೆ ತಂದು, ಆಮೇಲೆ ಫ್ರಿಜ್ಜಿಗೆ.