ಅಥೆನ್ಸ್‌ನಲ್ಲಿ ಆಕ್ರೊಪೊಲಿಸ್‌ಗೆ ದಕ್ಷಿಣದ ಗೇಟಿಂದ ಹತ್ತಿ, ಪಶ್ಚಿಮಕ್ಕೆ ಇಳಿಯಿರಿ

ಆಕ್ರೊಪೊಲಿಸ್ ಅಂದರೆ ಅಥೆನ್ಸ್‌ನ ಗುಡ್ಡದ ಮೇಲಿರುವ ಪುರಾತನ ಗ್ರೀಕ್ ದೇವಾಲಯಗಳ ತಾಣ. ಅಥೆನ್ಸ್ ನೋಡಲು ಪ್ರೈವೇಟ್ ಕಾರು ಮಾಡಿಕೊಂಡಿದ್ದರೆ, ಡ್ರೈವರ್‌ಗೆ ಮೊದಲೇ ಹೇಳಿ: ಬೆಳಗ್ಗೆ 8ಕ್ಕೆ ಆಕ್ರೊಪೊಲಿಸ್ ಮ್ಯೂಸಿಯಂ ಹತ್ತಿರ ಇಳಿಸಿ, ಆಮೇಲೆ ಪಶ್ಚಿಮದ ದೊಡ್ಡ ಗೇಟಿನ ಕಡೆ ಬಂದು ಹತ್ತಿಸಿಕೊಳ್ಳಿ ಅಂತ. ಟೂರ್ ಬಸ್ಸುಗಳು ಜನರನ್ನು ತಂದಿಳಿಸುವುದು ಪಶ್ಚಿಮಕ್ಕೆ, ಹಾಗಾಗಿ ಮ್ಯೂಸಿಯಂ ಎದುರಿನ ದಕ್ಷಿಣದ ಗೇಟಿನಲ್ಲಿ ಸಾಲು ಸಾಮಾನ್ಯವಾಗಿ ಚಿಕ್ಕದು. ಜೊತೆಗೆ ಹತ್ತುವ ದಾರಿಯಲ್ಲೇ ಗ್ರೀಕ್ ದೇವರು ಡಯೊನೈಸಸ್‌ನ ಹೆಸರಿನ ಪುರಾತನ ರಂಗಮಂದಿರ ಸಿಗುತ್ತದೆ. ಅದರ ಮುಂದಿನ ಸಾಲಿನಲ್ಲಿ ಅಮೃತಶಿಲೆಯ ಕುರ್ಚಿಗಳಿವೆ, ನಟ್ಟನಡುವಿನದು ಆ ದೇವರ ಪೂಜಾರಿಯದು. ಅದರ ಕೆತ್ತನೆಯನ್ನು ಬಗ್ಗಿ ನೋಡಿ, ಎಷ್ಟು ಚೆನ್ನಾಗಿದೆ! ಪಶ್ಚಿಮದಿಂದಲೇ ಹತ್ತಿ ಇಳಿದವರು ಬಹಳಷ್ಟು ಜನ ಇದನ್ನು ನೋಡುವುದೇ ಇಲ್ಲ. ಟಿಕೆಟ್‌ಗೆ ಸಮಯ ನಿಗದಿ ಇರುತ್ತದೆ, ಆದ್ದರಿಂದ ಮೊದಲ ಸ್ಲಾಟನ್ನೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಇನ್ನೊಂದು ಮಾತು, ಲೈಸೆನ್ಸ್ ಇರುವ ಗೈಡ್ ಮಾತ್ರ ಒಳಗೆ ಬಂದು ವಿವರಿಸಬಹುದು. ಡ್ರೈವರ್ ಎಷ್ಟೇ ತಿಳಿದವರಾದರೂ ಗೇಟಿನ ಹೊರಗೇ ಉಳಿಯುತ್ತಾರೆ. ಗೈಡ್ ಬೇಕಿದ್ದರೆ ಬುಕ್ ಮಾಡುವಾಗಲೇ ಕೇಳಿಬಿಡಿ. ಮಂಡಿನೋವಿನವರು ಜೊತೆಗಿದ್ದರೆ ಮಾತ್ರ ಈ ಉಪಾಯ ಬೇಡ. ದಕ್ಷಿಣದಿಂದ ನಡಿಗೆ ಜಾಸ್ತಿ, ಅವರಿಗೆ ಪಶ್ಚಿಮವೇ ಹತ್ತಿರ. ನಡೆಯಲು ಆಗದವರಿಗೆ ಲಿಫ್ಟ್ ಕೂಡ ಇದೆ. ಹತ್ತು ಗಂಟೆ ಮೇಲೆ ಹೋದರೂ ಪ್ರಯೋಜನ ಕಮ್ಮಿ, ಕೆಳಗೆ ಉಳಿಸಿದ ಸಮಯ ಮೇಲಿನ ನೂಕುನುಗ್ಗಲಲ್ಲಿ ಹೋಗುತ್ತದೆ. ಮೇಲಿನ ಕಲ್ಲು ಜನ ತುಳಿದು ತುಳಿದು ಗಾಜಿನಂತೆ ನುಣುಪಾಗಿದೆ, ಚಪ್ಪಲಿ ಬಿಟ್ಟು ಹಿಡಿತ ಇರುವ ಶೂ ಹಾಕಿಕೊಳ್ಳಿ.